ಬ್ರಹ್ಮಾಂಡ ರಕ್ಷಣಾ ಸಂಘ, ತರೀಕೆರೆ ಬಸ್‌ಸ್ಟ್ಯಾಂಡ್

ತರೀಕೆರೆ ಬಸ್‌ಸ್ಟ್ಯಾಂಡಿನಲ್ಲಿ ಕೂತು ಏಳು ಪುಸ್ತಕಗಳಲ್ಲಿ ಬ್ರಹ್ಮಾಂಡವನ್ನು ಉಳಿಸಿದವನು ನಾನು. ಅದೇ ಕೆಲಸದ ನಡುವೆ ಒಬ್ಬ ಮುದುಕನನ್ನು ಅವನಿದ್ದ ಕೋಣೆಯಿಂದ ಹೊರಗೆ ಹಾಕಿದವನೂ ನಾನೇ. ಮೊದಲನೆಯದನ್ನು ಊರು ಮರೆತಿದೆ. ಎರಡನೆಯದು ಊರಿಗೆ ಗೊತ್ತೇ ಇಲ್ಲ. ಈಗ ನನಗೆ ಎಪ್ಪತ್ತು ದಾಟಿದೆ. ನಿಜ ಹೇಳಿದರೆ ಕಳೆದುಕೊಳ್ಳುವಂಥದ್ದು ನನ್ನ ಹತ್ತಿರ ಏನೂ ಉಳಿದಿಲ್ಲವಾದ್ದರಿಂದ ನಿಜ ಹೇಳುವ ಧೈರ್ಯ ಬಂದಿದೆ.

ಎಂಬತ್ತರ ದಶಕದ ಮೊದಲ ವರ್ಷಗಳು. ಅಜ್ಜಂಪುರದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ನಾನು ತರೀಕೆರೆಯ ಒಂದು ಸಣ್ಣ ಪ್ರೆಸ್ಸಿನಲ್ಲಿ ಕಂಪೋಸಿಟರ್ ಆಗಿದ್ದೆ. ಸೀಸದ ಅಕ್ಷರಗಳನ್ನು ಖಾನೆಗಳಿಂದ ಒಂದೊಂದಾಗಿ ಎತ್ತಿ ಸಾಲು ಜೋಡಿಸುವ ಕೆಲಸ. ಅಚ್ಚಾಗುತ್ತಿದ್ದದ್ದು ಲಗ್ನಪತ್ರಿಕೆ, ಅಡಿಕೆ ಮಂಡಿಯ ಬಿಲ್‌ಬುಕ್ಕು, ಮಠದ ಪ್ರವಚನದ ಕರಪತ್ರ, ಐದು ವರ್ಷಕ್ಕೊಮ್ಮೆ ಮತ ಯಾಚನೆ. ಪ್ರೆಸ್ಸಿನ ಮುಂಭಾಗದಲ್ಲಿ ಬಸ್‌ಸ್ಟ್ಯಾಂಡಿಗೆ ಮುಖ ಮಾಡಿದ ಪುಸ್ತಕದಂಗಡಿ ಇತ್ತು. ಅದೂ ನಮ್ಮ ಯಜಮಾನರದೇ. ಅಲ್ಲಿ ವಾರಪತ್ರಿಕೆ ಮಾರುತ್ತಿದ್ದರು, ಹಳೆಯ ಕಾದಂಬರಿಗಳನ್ನು ಬಾಡಿಗೆಗೆ ಕೊಡುತ್ತಿದ್ದರು. ಪ್ರೆಸ್ಸಿನ ಹಿಂದೆ ಹೆಂಚಿನ ಒಂದು ಕೋಣೆ. ಆ ಕೋಣೆಯಲ್ಲಿ ನಮ್ಮ ಹಿರಿಯ ಕಂಪೋಸಿಟರ್ ಇದ್ದರು.

ಅವರನ್ನು ಎಲ್ಲರೂ ಅಯ್ನೋರು ಎನ್ನುತ್ತಿದ್ದರು. ಜಂಗಮರ ಮನೆಯಲ್ಲಿ ಹುಟ್ಟಿದವರು. ಜೋಳಿಗೆ ಹಿಡಿದು ಭಕ್ತರ ಮನೆಗೆ ಹೋಗುವುದು, ಹೋದಲ್ಲಿ ಮೊದಲ ಪಂಕ್ತಿಯಲ್ಲಿ ಉಣ್ಣುವುದು ಅವರ ಮನೆತನಕ್ಕೆ ತಲೆಮಾರುಗಳಿಂದ ಬಂದ ಹಕ್ಕು. ಇಪ್ಪತ್ತನೆಯ ವಯಸ್ಸಿಗೆ ಆ ಜೋಳಿಗೆಯನ್ನು ಅಣ್ಣನಿಗೆ ಒಪ್ಪಿಸಿ, ತಾನು ದುಡಿದೇ ಉಣ್ಣುತ್ತೇನೆಂದು ಪ್ರೆಸ್ಸಿಗೆ ಸೇರಿದ್ದರಂತೆ. ಮದುವೆಯಾಗಿರಲಿಲ್ಲ. ಹಿಂದಿನ ಕೋಣೆ ಮತ್ತು ಯಜಮಾನರ ಮನೆಯ ಊಟ ಅವರ ಸಂಬಳದ ಭಾಗವಾಗಿದ್ದವು. ಯಜಮಾನರ ತಾಯಿಗೆ ಮಾತ್ರ ಆ ಊಟವನ್ನು ಸಂಬಳವೆನ್ನುವುದು ಒಪ್ಪಿಗೆಯಿಲ್ಲ. ಮನೆಯಲ್ಲೇ ಒಬ್ಬ ಜಂಗಮ ಉಣ್ಣುತ್ತಿರುವಾಗ ಬರುವ ಪುಣ್ಯವನ್ನು ಬಿಡುವುದುಂಟೆ ಎಂದು ಆಕೆ ಪ್ರತಿ ಸೋಮವಾರ ಅವರ ಕಾಲಿಗೆ ನೀರು ಕೊಟ್ಟು ಮೊದಲು ಬಡಿಸುತ್ತಿದ್ದರು. ಉಂಡು ಎದ್ದ ಅಯ್ನೋರು ಪ್ರತಿ ಸೋಮವಾರವೂ ತಪ್ಪದೆ, ‘ಇದು ಕೂಲಿ ಕಣವ್ವ, ಭಿಕ್ಷೆ ಅಲ್ಲ’ ಎಂದು ಜ್ಞಾಪಿಸುತ್ತಿದ್ದರು. ಆಕೆ ಆಯಿತು ಎನ್ನುವರು. ಮುಂದಿನ ಸೋಮವಾರ ಮತ್ತೆ ಚೊಂಬು ಹಿಡಿದು ನಿಂತಿರುವರು.

ನಾನು ಸೇರುವ ಹೊತ್ತಿಗೆ ಅಯ್ನೋರಿಗೆ ಅರವತ್ತು ಕಳೆದಿತ್ತು. ಬೆನ್ನು ಬಾಗಿತ್ತು, ಒಂದು ಕಣ್ಣಿಗೆ ಪೊರೆ ಬಂದು ಬೆಳ್ಳಗಾಗಿತ್ತು. ಆದರೂ ಅವರ ಬೆರಳಿಗೆ ಪ್ರತಿ ಖಾನೆಯೂ ಗೊತ್ತಿತ್ತು. ನನಗೆ ಕೆಲಸ ಕಲಿಸಿದವರು ಅವರೇ. ಅವರು ಮೊದಲ ದಿನ ಹೇಳಿಕೊಟ್ಟದ್ದು ಹೀಗೆ: ‘ಅಕ್ಷರ ನೋಡು, ಕಥೆ ನೋಡ್ಬ್ಯಾಡ. ಕಥೆ ನೋಡಾಕೆ ಹೋದ್ರೆ ತಪ್ಪು ಬೀಳ್ತವೆ.’

ಒಂದು ಸಲ ಶಾಯಿ ಒರೆಸಲು, ಪಾರ್ಸೆಲ್ ಸುತ್ತಲು ಎಂದು ಶಿವಮೊಗ್ಗದ ಕಡೆಯಿಂದ ರದ್ದಿ ಕಾಗದದ ಮೂಟೆ ಬಂತು. ಬಿಚ್ಚಿದರೆ ಅದರಲ್ಲಿ ಏಳು ಇಂಗ್ಲಿಷ್ ಕಾಮಿಕ್ಸ್. ಒಂದೇ ಕಥೆ ಮುಂದುವರಿದು ಹೋಗುವ ಬಣ್ಣದ ಚಿತ್ರದ ಪುಸ್ತಕಗಳು. ಮೈಗಂಟಿದ ಬಟ್ಟೆಯ ಐದು ಜನ ಶೂರರು, ಬೆನ್ನಿಗೆ ಟವಲಿನಂಥದ್ದು ಕಟ್ಟಿಕೊಂಡು, ಆಕಾಶದ ಹಡಗಿನಲ್ಲಿ ನಕ್ಷತ್ರಗಳ ನಡುವೆ ಯಾರ ಜೊತೆಗೋ ಬಡಿದಾಡುತ್ತಿದ್ದರು. ಯಜಮಾನರು ಅಂಗಡಿಗೆ ಬರುವವರ ರುಚಿ ಬಲ್ಲವರು. ಬಸ್ಸು ಕಾಯುವವನಿಗೆ ಚಿತ್ರ ಬೇಕು, ಜೊತೆಗೆ ಕನ್ನಡವೂ ಇದ್ದರೆ ಅವನು ಒಂದು ಬಸ್ಸು ಬಿಟ್ಟು ಇನ್ನೊಂದಕ್ಕೆ ಹೋಗುತ್ತಾನೆ ಎಂದು ಲೆಕ್ಕ ಹಾಕಿ, ‘ನೀನು ಇಂಗ್ಲಿಷಲ್ಲಿ ಪಾಸಲ್ವೇನೋ, ಹಾಕು ಕನ್ನಡಕ್ಕೆ’ ಎಂದರು. ಪಾಸೇನೋ ಹೌದು. ಪಾಸಾಗಲು ಎಷ್ಟು ಬೇಕೋ ಅಷ್ಟೇ ಇಂಗ್ಲಿಷ್ ಬರುತ್ತಿತ್ತು, ಒಂದು ಮಾತು ಹೆಚ್ಚಿಗೆ ಬರುತ್ತಿರಲಿಲ್ಲ. ಅದನ್ನು ಯಜಮಾನರಿಗೆ ಹೇಳುವ ಅಗತ್ಯ ನನಗೆ ಕಾಣಲಿಲ್ಲ.

ಕೆಲಸ ನಡೆದದ್ದು ಹೀಗೆ. ಚಿತ್ರದಲ್ಲಿ ಯಾರು ಮಾತಾಡಿದರೂ ಅವರ ಬಾಯಿಂದ ಒಂದು ಬಿಳಿ ಗುಳ್ಳೆ ಏಳುತ್ತದೆ, ಮಾತು ಅದರೊಳಗೆ ಇರುತ್ತದೆ. ಒಂದೊಂದು ಗುಳ್ಳೆಗೂ ನಾನು ಕನ್ನಡ ಬರೆದುಕೊಡುವುದು. ಅಯ್ನೋರು ಅದನ್ನು ಸಣ್ಣಕ್ಷರದಲ್ಲಿ ಜೋಡಿಸುವುದು. ಯಜಮಾನರು ತೆಳು ಕಾಗದದ ಮೇಲೆ ಅಚ್ಚು ಹಾಕುವುದು. ಆಮೇಲೆ ಚೀಟಿಗಳನ್ನು ಕತ್ತರಿಸಿ, ಮೈದಾ ಅಂಟು ಬಳಿದು, ಇಂಗ್ಲಿಷಿನ ಮೇಲೆ ಅಂಟಿಸುವುದು. ಇದ್ದದ್ದು ಒಂದೊಂದೇ ಪ್ರತಿ. ಯಾರೂ ಎತ್ತಿಕೊಂಡು ಬಸ್ಸು ಹತ್ತಬಾರದೆಂದು ಅಂಗಡಿಯ ಬೆಂಚಿಗೆ ಹುರಿಯಲ್ಲಿ ಕಟ್ಟಿದೆವು.

ಓದಿದ್ದು ತಿಳಿಯದಿದ್ದರೂ ನಾನು ಎದೆಗುಂದಲಿಲ್ಲ. ಬಯಲಾಟ ನೋಡಿ ಬೆಳೆದವನು. ಮುಖ ನೋಡಿದರೆ ಪಾತ್ರ ಯಾವುದೆಂದು ತಿಳಿಯುತ್ತದೆ. ಅಗಲ ಎದೆ, ಚೌಕ ಗಲ್ಲ ಇದ್ದವನು ರಾಜ. ಗುಡ್ಡೆಗಣ್ಣು, ವಕ್ರ ಹಲ್ಲು ಇದ್ದವನು ರಾಕ್ಷಸ. ಈ ಒಂದು ನಿಯಮದ ಮೇಲೆ ಏಳು ಪುಸ್ತಕಗಳನ್ನೂ ಕನ್ನಡ ಮಾಡಿದೆ.

ಶೂರರ ತಂಡಕ್ಕೆ ‘ಬ್ರಹ್ಮಾಂಡ ರಕ್ಷಣಾ ಯುವಕ ಸಂಘ (ರಿ)’ ಎಂದು ಹೆಸರಿಟ್ಟೆ. ನೋಂದಣಿಯಾಗದ ಸಂಘದ ಮಾತನ್ನು ನಮ್ಮ ಕಡೆ ಯಾರೂ ಕೇಳುವುದಿಲ್ಲ. ಅಗಲ ಎದೆಯವನು ಅಧ್ಯಕ್ಷ. ಬಾಯಿ ಹೆಚ್ಚು ತೆರೆದಿದ್ದವನು ಕಾರ್ಯದರ್ಶಿ. ಕಬ್ಬಿಣದ ಕೈಯವನು ಖಜಾಂಚಿ, ಏಕೆಂದರೆ ಹಿಡಿದದ್ದನ್ನು ಅವನು ಬಿಡುತ್ತಿರಲಿಲ್ಲ. ಗೋಡೆ ತೂರಿ ಹೋಗುವ ಒಬ್ಬನಿದ್ದ, ಬಂದದ್ದೂ ತಿಳಿಯದು, ಹೋದದ್ದೂ ತಿಳಿಯದು. ಅವನನ್ನು ನಿರ್ದೇಶಕ ಮಾಡಿದೆ. ಐದನೆಯವಳು ಹೆಂಗಸು. ಚಿತ್ರಗಳಲ್ಲಿ ಹೊಡೆದಾಟದ ಮುಕ್ಕಾಲು ಪಾಲನ್ನು ಅವಳೇ ಮಾಡುತ್ತಿದ್ದಳು. ಆದರೆ ಮಹಿಳಾ ಸದಸ್ಯೆಯಾದ್ದರಿಂದ ನನ್ನ ಕನ್ನಡದಲ್ಲಿ ಅವಳು ಏಳು ಪುಸ್ತಕಗಳುದ್ದಕ್ಕೂ ‘ಅಧ್ಯಕ್ಷರ ಮಾತಿಗೆ ನನ್ನ ಸಹಮತವಿದೆ’ ಎಂಬ ಒಂದೇ ಮಾತನ್ನು ಆಡಿದಳು. ಅಯ್ನೋರು ಆ ಸಾಲನ್ನು ಒಂದೇ ಸಲ ಜೋಡಿಸಿ ದಾರ ಕಟ್ಟಿಟ್ಟುಕೊಂಡಿದ್ದರು.

ಶತ್ರುಗಳು ಬೇರೆ ಲೋಕದಿಂದ ಬಂದ ಜಿಗಣೆಯಂಥ ಪ್ರಾಣಿಗಳು. ಮನುಷ್ಯನ ಕುತ್ತಿಗೆಯ ಹಿಂದೆ ಕಚ್ಚಿಕೊಂಡರೆ ಮುಗಿಯಿತು. ಅವನ ಮುಖ ಅದೇ, ನಡಿಗೆ ಅದೇ, ಒಳಗಿನ ಜೀವ ಮಾತ್ರ ಜಿಗಣೆಯದು. ಇದಕ್ಕೆ ನಾನು ‘ಬದನಿಕೆ’ ಎಂದು ಬರೆದೆ. ಮಾವಿನ ಮರದ ಕೊಂಬೆಯಲ್ಲಿ ಬೇರೂರಿ, ಮರದ ರಸ ಕುಡಿದು, ಮರ ಒಣಗುತ್ತಿದ್ದರೂ ತಾನು ಹಸಿರಾಗಿರುವ ಆ ಗಿಡವನ್ನು ನೋಡದವರು ಸುತ್ತಮುತ್ತ ಯಾವ ಊರಿನಲ್ಲೂ ಇರಲಿಲ್ಲ. ಯಾರಿಗೂ ಏನನ್ನೂ ವಿವರಿಸಬೇಕಾಗಲಿಲ್ಲ.

ಆ ವರ್ಷದ ಲಗ್ನಗಳು ಆಗಷ್ಟೇ ಮುಗಿದಿದ್ದವು. ಲಗ್ನಪತ್ರಿಕೆಗಳಲ್ಲಿ ಹೆಸರು ಬದಲಾಗುತ್ತದೆಯೇ ಹೊರತು ಒಕ್ಕಣೆ ಬದಲಾಗುವುದಿಲ್ಲ. ಹಾಗಾಗಿ ಜೋಡಿಸಿದ ಸಾಲುಗಳನ್ನು ಬಿಚ್ಚದೆ ಮುಂದಿನ ಮದುವೆಗೆ ಇಟ್ಟುಕೊಳ್ಳುವುದು ಪ್ರೆಸ್ಸಿನ ಪದ್ಧತಿ. ಕಣ್ಣಿಗೆ ಶ್ರಮ ಕಡಿಮೆಯಾಗಲೆಂದು ಅಯ್ನೋರು ಸಾಧ್ಯವಾದಲ್ಲೆಲ್ಲ ಆ ಸಾಲುಗಳನ್ನೇ ಕೊಟ್ಟರು, ನಾನೂ ಗುಳ್ಳೆಗಳಿಗೆ ಅವನ್ನೇ ಹೊಂದಿಸಿದೆ. ಬದನಿಕೆಗಳ ದಂಡು ಭೂಮಿಗೆ ಇಳಿದಾಗ ಅಧ್ಯಕ್ಷ ಕೈಯೆತ್ತಿ, ‘ತಾವು ಸಕುಟುಂಬ ಸಪರಿವಾರ ಸಮೇತರಾಗಿ ಆಗಮಿಸಿ’ ಎಂದು ಸವಾಲು ಹಾಕಿದ. ಕಾರ್ಯದರ್ಶಿ ಎಸೆದ ಬಾಂಬನ್ನು ಬದನಿಕೆಯೊಂದು ಹಿಂದಕ್ಕೆ ಎಸೆಯುತ್ತ, ‘ಉಡುಗೊರೆಗಳನ್ನು ಸ್ವೀಕರಿಸಲಾಗುವುದಿಲ್ಲ’ ಎಂದಿತು. ಗ್ರಹಗಳು ಸಿಡಿಯುವ ಸದ್ದಿಗೆ ಚುನಾವಣೆಯ ದಪ್ಪಕ್ಷರಗಳನ್ನು ಬಳಸಿದೆವು. ಬುಕ್ಕಾಂಬುಧಿಯ ರೈತನೊಬ್ಬ ಎರಡು ಪುಸ್ತಕ ಓದಿ, ಶತ್ರುಗಳಾದರೂ ಮರ್ಯಾದಸ್ಥರು ಎಂದು ಮೆಚ್ಚಿಕೊಂಡ. ತಾಲ್ಲೂಕು ಕಚೇರಿಯ ಗುಮಾಸ್ತರೊಬ್ಬರಿಗೆ ಬೇರೆ ಚಿಂತೆ. ಈ ಸಂಘಕ್ಕೆ ಸಂಬಳ ಎಲ್ಲಿಂದ ಬರುತ್ತದೆ ಎಂದು ಕೇಳಿದರು. ನಾಲ್ಕನೆಯ ಪುಸ್ತಕದಲ್ಲಿ ಖಜಾಂಚಿಯ ಬಾಯಲ್ಲಿ ಅನುದಾನ ಇನ್ನೂ ಮಂಜೂರಾಗಿಲ್ಲ ಎಂದು ಹಾಕಿದೆ. ಅಂದಿನಿಂದ ಕಚೇರಿಯವರೆಲ್ಲ ಸಂಘದ ಕಡೆಗಾದರು.

ಇಲ್ಲಿಯವರೆಗೆ ನಡೆದದ್ದು ತಮಾಷೆ. ಇನ್ನು ಮುಂದೆ ನನ್ನ ಪಾಪ.

ಅಜ್ಜಂಪುರದಲ್ಲಿ ನನಗೆ ಹೆಣ್ಣು ನೋಡಿದರು. ಹುಡುಗಿಯ ತಂದೆ ನಾನು ಕೆಲಸ ಮಾಡುವ ಜಾಗ ನೋಡಲು ತರೀಕೆರೆಗೆ ಬಂದರು. ನಾನು ಆಗ ಮಲಗುತ್ತಿದ್ದದ್ದು ಅಂಗಡಿಯ ಬೆಂಚಿನ ಮೇಲೆ, ಬ್ರಹ್ಮಾಂಡ ರಕ್ಷಣಾ ಸಂಘದ ಪಕ್ಕದಲ್ಲಿ. ಬೆಂಚನ್ನು ನೋಡಿದ ಅವರು ತಮ್ಮ ಮಗಳು ಇದರ ಯಾವ ತುದಿಯಲ್ಲಿ ಮಲಗುತ್ತಾಳೆ ಎಂದು ಕೇಳಲಿಲ್ಲ, ಅಷ್ಟು ದೊಡ್ಡ ಮನುಷ್ಯರು. ಹಿಂದೆ ಹೋಗಿ ಕೋಣೆಯ ಬಾಗಿಲಲ್ಲಿ ನಿಂತರು.

‘ಇದು ಯಾರ್ದಪ್ಪಾ?’

‘ಹಿರೇ ಕಂಪೋಸಿಟರ್‌ದು.’

‘ವಯಸ್ಸೆಷ್ಟು?’

ಹೇಳಿದೆ.

‘ಹಂಗಾದ್ರೆ ಯುಗಾದಿಗಂಟ ನೋಡಾಣ ಬಿಡು’ ಎಂದು ಅವರು ಬಸ್ಸು ಹತ್ತಿದರು.

ಅವರು ಮುದುಕನ ಆಯುಸ್ಸಿನ ಮೇಲೆ ಭರವಸೆ ಇಟ್ಟು ಹೋದರು. ನನಗೆ ಅಷ್ಟು ತಾಳ್ಮೆ ಇರಲಿಲ್ಲ. ಅಯ್ನೋರನ್ನು ಕಳಿಸಿ ಎಂದು ಯಜಮಾನರನ್ನು ಕೇಳುವ ಧೈರ್ಯವೂ ಇರಲಿಲ್ಲ.

ಐದನೆಯ ಪುಸ್ತಕದಲ್ಲಿ ಒಂದು ಹೊಸ ಪಾತ್ರ ಬಂತು. ಸಂಘದ ಹಡಗಿನ ಒಂದು ಮೂಲೆಯಲ್ಲಿ ಕೂತ, ಬೇರೆ ಲೋಕದ ಮುದುಕ. ಬೆನ್ನು ಬಾಗಿದೆ, ಒಂದು ಕಣ್ಣು ಬೆಳ್ಳಗಿದೆ, ಹಲ್ಲು ವಕ್ರವಾಗಿದೆ. ಸಂಘದವರು ಕೊಟ್ಟದ್ದನ್ನು ತಿನ್ನುತ್ತಾನೆ, ಆಗಾಗ ಅಧ್ಯಕ್ಷನ ಕುತ್ತಿಗೆಯ ಕಡೆ ಬೆರಳು ಚಾಚುತ್ತಾನೆ. ನನ್ನ ನಿಯಮದ ಪ್ರಕಾರ ಇವನು ರಾಕ್ಷಸ. ಇವನನ್ನು ಬದನಿಕೆಗಳ ಮೂಲಪುರುಷ ಮಾಡಿದೆ. ಮಾಡಿ, ಅವನ ಬಾಯಿಗೆ ಅಯ್ನೋರ ಮಾತುಗಳನ್ನು ತುರುಕಿದೆ.

ಅಯ್ನೋರಿಗೆ ಒಂದು ಮಾತಿನ ರೂಢಿ ಇತ್ತು. ಹಬ್ಬಕ್ಕೆ ಪಂಚೆ ಕೊಡುತ್ತೇನೆಂದು ಯಜಮಾನರು ಹೇಳಲಿ, ಮುಪ್ಪಿಗೆ ಏನು ಮಾಡಿಕೊಂಡಿದ್ದೀರಿ ಎಂದು ಯಾರಾದರೂ ಕೇಳಲಿ, ‘ಒಂದು ಮೂಲೆ, ಒಂದು ತುತ್ತು. ಸಾಕು ಕಣಪ್ಪ’ ಎನ್ನುತ್ತಿದ್ದರು. ಬಸ್‌ಸ್ಟ್ಯಾಂಡಿಗೆಲ್ಲ ಗೊತ್ತಿದ್ದ ಮಾತು. ಅದನ್ನು ಆ ಚಿತ್ರದ ಮುದುಕ ಪುಟಕ್ಕೊಮ್ಮೆ ಹೇಳುವಂತೆ ಮಾಡಿದೆ. ಕಣ್ಣು ಕಾಣದಿದ್ದರೂ ಹಡಗು ಬಿಡುವುದಿಲ್ಲ, ಕೈಲಾಗದಿದ್ದರೂ ಊಟ ಬಿಡುವುದಿಲ್ಲ ಎಂದೂ ಅವನ ಬಾಯಲ್ಲಿ ಹೇಳಿಸಿದೆ. ಅದಕ್ಕೆ ಅಧ್ಯಕ್ಷನಿಂದ ಗ್ರಂಥದ ಕನ್ನಡದಲ್ಲಿ ಉತ್ತರ ಕೊಡಿಸಿದೆ: ‘ಪರರ ಅನ್ನದಲ್ಲಿ ಬೇರು ಬಿಟ್ಟವನೇ, ತೊಲಗು.’

ಬರೆದದ್ದನ್ನು ಜೋಡಿಸಲು ಕೊಟ್ಟದ್ದು ಅಯ್ನೋರಿಗೇ. ನನಗೆ ಅಳುಕಾಗಲಿಲ್ಲ. ಕಥೆ ನೋಡಬಾರದೆಂದು ಕಲಿಸಿದವರು ಅವರು, ಕಥೆ ನೋಡುವುದಿಲ್ಲ ಎಂದು ನಾನು ನಂಬಿದ್ದೆ. ಗುರುವಿನ ಮಾತನ್ನು ನಾನು ಪೂರ್ತಿಯಾಗಿ ನಂಬಿದ್ದು ಅದೊಂದು ಸಲ ಮಾತ್ರ.

ಮಾರನೆಯ ಮಧ್ಯಾಹ್ನ ಅವರು ನನ್ನ ಹಾಳೆಯನ್ನು ಚೆನ್ನಾಗಿದ್ದ ಕಣ್ಣಿನ ಹತ್ತಿರ ಹಿಡಿದುಕೊಂಡು ಕರೆದರು.

‘ಲೇ ತಮ್ಮಾ, ಇಲ್ಲಿ ಹಿಂದು ಮುಂದಾಗೈತೆ ನೋಡು. ಒಂದು ತುತ್ತು, ಒಂದು ಮೂಲೆ ಅಂತ ಬರ್ದಿದ್ದೀಯ.’

‘ಎರಡೂ ಒಂದೇ ಅಲ್ವಾ ಅಯ್ನೋರೇ?’

‘ಅಲ್ಲ ಕಣೋ. ಮೂಲೆ ಮೊದ್ಲು ಬತ್ತದೆ, ತುತ್ತು ಆಮೇಲೆ. ಕೂರಾಕೆ ಜಾಗ ಸಿಕ್ಕಿದ್ಮೇಲೆ ತಾನೇ ಉಣ್ಣಾದು.’

ಹಾಗೇ ಮಾಡಿ ಎಂದೆ. ಅವರು ತಿರುಗಿ ಖಾನೆಗಳ ಕಡೆ ಹೋದರು. ಮುದುಕನಿಗೆ ತನ್ನ ಮಾತು ತನಗೇ ಗುರುತು ಸಿಗಲಿಲ್ಲವಲ್ಲ ಎಂದು ನಾನು ಒಳಗೊಳಗೇ ನಕ್ಕೆ. ಐದು ಮತ್ತು ಆರನೆಯ ಪುಸ್ತಕಗಳ ಚೀಟಿಗಳಲ್ಲಿ ಒಂದೇ ಒಂದು ತಪ್ಪು ಇರಲಿಲ್ಲ. ಅಷ್ಟು ಶುದ್ಧವಾದ ಕೆಲಸ ಅವರಿಂದ ಎರಡು ವರ್ಷದಲ್ಲಿ ಬಂದಿರಲಿಲ್ಲ.

ಪುಸ್ತಕ ಬೆಂಚಿಗೆ ಬಿದ್ದ ವಾರದಲ್ಲೇ ಮಾತು ಹರಡಿತು. ಹೋಟೆಲಿನವನು ಕಾಫಿ ಕೊಡುವಾಗ ಮೂಲೆ ಬೇಕೋ ತುತ್ತು ಬೇಕೋ ಎಂದು ಕೇಳತೊಡಗಿದ. ಕಡೂರು ಬಸ್ಸಿನ ಕಂಡಕ್ಟರ್ ಮೆಟ್ಟಿಲಲ್ಲಿ ನಿಂತೇ, ‘ಏನ್ ಅಯ್ನೋರೇ, ಹಡಗಲ್ಲಿ ಸೀಟು ಸಿಕ್ತಾ?’ ಎಂದು ಕೂಗಿದ. ಯಾರಿಗೂ ಅವರ ಮೇಲೆ ದ್ವೇಷವಿರಲಿಲ್ಲ. ಬಸ್ಸು ತಡವಾಗಿತ್ತು, ಒಂದು ತಮಾಷೆ ಸಿಕ್ಕಿತ್ತು, ಅಷ್ಟೆ. ಅಯ್ನೋರು ಎಲ್ಲರಿಗೂ ತಲೆಯಾಡಿಸಿ ಒಳಗೆ ಬರುತ್ತಿದ್ದರು. ಮಂಡಿಗೆ ಬಂದ ಒಬ್ಬ ವ್ಯಾಪಾರಿ ಯಜಮಾನರನ್ನೇ, ‘ನಿಮ್ಮನೆ ಬದನಿಕೆ ಆರೋಗ್ಯವಾಗೈತಾ?’ ಎಂದು ಕೇಳಿದ ದಿನ ಯಜಮಾನರು ಮೊದಲು ನಕ್ಕರು. ಆಮೇಲೆ ನನ್ನನ್ನು ಒಳಗೆ ಕರೆದರು.

‘ಇದನ್ನ ನೀನು ಬೇಕಂತ ಬರ್ದೆಯೇನೋ?’

‘ಇಲ್ಲ ಯಜಮಾನ್ರೇ. ಇಂಗ್ಲಿಷಲ್ಲೇ ಹಂಗಿದೆ.’

ಅವರ ಮುಖ ಹಗುರಾಯಿತು. ಇಂಗ್ಲಿಷಿನಲ್ಲಿರುವುದಕ್ಕೆ ನಾವು ಏನು ಮಾಡಲಾಗುತ್ತದೆ ಎಂದರು. ಸರ್ಕಾರದ ಆದೇಶದಿಂದ ಹಿಡಿದು ಆಸ್ಪತ್ರೆಯ ಚೀಟಿಯವರೆಗೆ ಇಂಗ್ಲಿಷಿನಲ್ಲಿದ್ದದ್ದನ್ನು ಪ್ರಶ್ನಿಸುವ ಅಭ್ಯಾಸ ನಮ್ಮ ಊರಿನಲ್ಲಿ ಇರಲಿಲ್ಲ.

ಆ ಸೋಮವಾರ ಯಜಮಾನರ ತಾಯಿ ಚೊಂಬು ಹಿಡಿದು ನಿಂತಾಗ ಅಯ್ನೋರು ಬೇಡ ಎಂದರಂತೆ. ಉಂಡು ಎದ್ದ ಮೇಲೆ ಕೂಲಿಯ ಮಾತನ್ನೂ ಆಡಲಿಲ್ಲವಂತೆ. ಮರುದಿನದಿಂದ ಹೋಟೆಲಿನಲ್ಲಿ ಉಣ್ಣತೊಡಗಿದರು. ಯಜಮಾನರು ಕೇಳಿದ್ದಕ್ಕೆ ಮನೆಯ ಊಟ ಹೊಟ್ಟೆಗೆ ಹಿಡಿಸುತ್ತಿಲ್ಲ ಎಂದರು. ಏಳನೆಯ ಪುಸ್ತಕ ಮುಗಿಸಿದ ಮೇಲೆ, ಯುಗಾದಿಗೆ ಇನ್ನೂ ದಿನಗಳಿರುವಾಗ, ಪಂಚನಹಳ್ಳಿಯಲ್ಲಿರುವ ಅಕ್ಕನ ಮಗಳ ಮನೆಗೆ ಹೋಗುತ್ತೇನೆಂದು ತಿಳಿಸಿದರು. ಹೊರಡುವ ಹಿಂದಿನ ದಿನ ಸಂಜೆಯವರೆಗೆ ಕೂತು, ಜೋಡಿಸಿದ ಸಾಲುಗಳನ್ನೆಲ್ಲ ಬಿಚ್ಚಿ ಒಂದೊಂದು ಅಕ್ಷರವನ್ನೂ ಅದರದರ ಖಾನೆಗೆ ಹಾಕಿದರು. ಲಗ್ನಪತ್ರಿಕೆಯ ಒಕ್ಕಣೆಯನ್ನು ಮಾತ್ರ ನನಗೆ ಅನುಕೂಲವಾಗಲೆಂದು ಬಿಚ್ಚದೆ ಬಿಟ್ಟರು.

ಅವರ ಟ್ರಂಕನ್ನು ಬಸ್ಸಿಗೆ ಹೊತ್ತವನು ನಾನೇ. ಆ ವಿನಯವನ್ನು ನೋಡಿದವರು ಹೊಗಳಿದರು. ಬಸ್ಸು ಹೊರಡುವ ಮುಂಚೆ ಅಯ್ನೋರು ಕಿಟಕಿಯಿಂದ ಹೇಳಿದರು: ‘ಕೋಣೆ ಸೂರು ಪಡುವಣ ಕಡೆ ಸೋರ್ತದೆ. ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸ್ಕೊ.’

ಯುಗಾದಿ ಕಳೆದು ನನ್ನ ಮದುವೆಯಾಯಿತು. ಕೋಣೆಗೆ ಸುಣ್ಣ ಹೊಡೆದು ಸಂಸಾರ ಹೂಡಿದೆವು. ಯಜಮಾನರ ಮನೆಯಿಂದ ಆಗಾಗ ಸಾರು, ಪಲ್ಯ ಬರುತ್ತಿತ್ತು. ಅದನ್ನು ಕೂಲಿ ಎಂದು ನಾನು ಯಾರಿಗೂ ಜ್ಞಾಪಿಸಲಿಲ್ಲ.

ಮಳೆಗಾಲ ಬಂದು ಮೈದಾ ಅಂಟು ಸಡಿಲವಾಯಿತು. ಉಳಿದದ್ದನ್ನು ಜಿರಳೆಗಳು ತಿಂದವು. ಸಂಘದವರ ಮಾತು, ಬದನಿಕೆಗಳ ಮಾತು ಎಲ್ಲ ಉದುರಿ ಬೆಂಚಿನ ಕೆಳಗೆ ಬೀಳತೊಡಗಿದವು. ಓದುಗರು ಒಳ್ಳೆಯವರು. ಬುತ್ತಿಯ ಅನ್ನದ ಅಗುಳಿನಿಂದ ಚೀಟಿಗಳನ್ನು ತಾವೇ ಅಂಟಿಸಿದರು, ಕೈಗೆ ಸಿಕ್ಕ ಗುಳ್ಳೆಗೆ. ಈಗ ಅಧ್ಯಕ್ಷ ಎದೆಯುಬ್ಬಿಸಿ ನಿಂತು ಒಂದು ಮೂಲೆ, ಒಂದು ತುತ್ತು ಎಂದು ಬೇಡುತ್ತಿದ್ದ. ಬದನಿಕೆ ಅವನನ್ನು ತೊಲಗು ಎನ್ನುತ್ತಿತ್ತು. ಖಜಾಂಚಿ ಎಲ್ಲರಿಗೂ ಸಹಮತ ಸೂಚಿಸುತ್ತಿದ್ದ. ಕಥೆ ಕೆಟ್ಟಿತೆಂದು ಒಬ್ಬರೂ ದೂರಲಿಲ್ಲ. ಕಚೇರಿಯ ಗುಮಾಸ್ತರಂತೂ, ಈಗ ಕಥೆ ಹೆಚ್ಚು ನಿಜವಾಗಿದೆ ಎಂದು ನನ್ನ ಬೆನ್ನು ತಟ್ಟಿದರು.

ಒಂದು ಮಧ್ಯಾಹ್ನ ಕಡೂರಿನ ಕಾಲೇಜಿನ ಲೆಕ್ಚರರೊಬ್ಬರು ಬಸ್ಸು ಕಾಯುತ್ತ ಬೆಂಚಿನಲ್ಲಿ ಕೂತರು. ಚೀಟಿ ಉದುರಿದ ಕಡೆ ಕಾಣುತ್ತಿದ್ದ ಇಂಗ್ಲಿಷನ್ನು ಓದಿದರು. ಉಳಿದ ಚೀಟಿಗಳನ್ನೂ ಉಗುರಿನಿಂದ ಎಬ್ಬಿಸಿ ಓದಿದರು. ನಗತೊಡಗಿದರು.

‘ಇದನ್ನ ಕನ್ನಡ ಮಾಡಿದ್ದು ಯಾರ್ರೀ?’

ಯಜಮಾನರು ಅಂಗಡಿಯಲ್ಲಿರಲಿಲ್ಲ. ಹಾಗಾಗಿ ನಾನು ಎಂದು ಒಪ್ಪಿಕೊಂಡೆ.

ಅವರು ಪುಸ್ತಕಗಳನ್ನು ಒಂದೊಂದಾಗಿ ನನ್ನ ಕಡೆ ತಿರುಗಿಸಿ ಬೆರಳಿಟ್ಟು ತೋರಿಸುತ್ತ ಹೋದರು. ಮೂಲೆಯಲ್ಲಿ ಕೂತ ಆ ಕುರೂಪಿ ಮುದುಕ ಶತ್ರುವಲ್ಲ. ಅವನ ಲೋಕವನ್ನು ಜಿಗಣೆಗಳು ಮೊದಲೇ ತಿಂದು ಮುಗಿಸಿದ್ದವು. ಉಳಿದವರಿಗೆ ಎಚ್ಚರಿಕೆ ಹೇಳಲು ಅವನು ಒಬ್ಬನೇ ಬಂದಿದ್ದ. ಅಧ್ಯಕ್ಷನ ಕುತ್ತಿಗೆಯ ಕಡೆ ಬೆರಳು ಚಾಚುತ್ತಿದ್ದದ್ದು ಕಚ್ಚಲು ಅಲ್ಲ, ತೋರಿಸಲು. ಏಕೆಂದರೆ ಜಿಗಣೆ ಕಚ್ಚಿದ್ದು ಅಧ್ಯಕ್ಷನನ್ನೇ, ಮೊದಲ ಪುಸ್ತಕದ ಐದನೆಯ ಪುಟದಲ್ಲೇ. ಕೂದಲ ಕೆಳಗೆ ಅದರ ಬಾಲವನ್ನು ಚಿತ್ರಕಾರ ಪ್ರತಿ ಪುಟದಲ್ಲೂ ಬರೆದಿದ್ದ. ನಾನು ಅದನ್ನು ಜುಟ್ಟು ಎಂದುಕೊಂಡಿದ್ದೆ. ಅವನು ಸಂಘದವರನ್ನೆಲ್ಲ ನೇರವಾಗಿ ಜಿಗಣೆಗಳ ಗೂಡಿಗೆ ಒಯ್ಯುತ್ತಿದ್ದ, ಅಡ್ಡ ಬಂದ ಮುದುಕನನ್ನು ಹಡಗಿನಿಂದ ಹೊರಗೆ ದಬ್ಬಿದ.

ಲೆಕ್ಚರರ ಬಸ್ಸು ಬಂತು. ‘ತುಂಬಾ ದಿನದಿಂದ ಇಷ್ಟು ನಕ್ಕಿರ್ಲಿಲ್ಲ ಕಣ್ರೀ’ ಎಂದು ಹೇಳಿ ಹೋದರು.

 ಇಂಗ್ಲಿಷಿನಲ್ಲೇ ಹಾಗಿದೆ ಎಂದು ಯಜಮಾನರಿಗೆ ಹೇಳಿದ್ದೆ. ಇಂಗ್ಲಿಷಿನಲ್ಲಿ ಇದ್ದದ್ದು ಇದು. ಮುಂದಿನ ಭಾನುವಾರ ಹೆಂಡತಿಗೆ ಬೀರೂರಿಗೆ ಹೋಗಿಬರುತ್ತೇನೆಂದು ಹೇಳಿ, ಕಡೂರಿನಲ್ಲಿ ಬಸ್ಸು ಬದಲಿಸಿ ಪಂಚನಹಳ್ಳಿಗೆ ಹೋದೆ.

ಅಯ್ನೋರು ಜಗಲಿಯಲ್ಲಿ ಕೂತು ಹುಣಸೆಹಣ್ಣಿನ ನಾರು, ಬೀಜ ಬಿಡಿಸುತ್ತಿದ್ದರು. ನಾನು ಇನ್ನೂ ಬೀದಿಯಲ್ಲಿರುವಾಗಲೇ, ‘ಏನೋ, ಇಷ್ಟು ಸೊರಗಿದ್ದೀಯ’ ಎಂದರು. ಬೆಳ್ಳಗಿದ್ದ ಕಣ್ಣು ಬೆಳ್ಳಗಿರಲಿಲ್ಲ. ಕಡೂರಿನಲ್ಲಿ ನಡೆದ ಕಣ್ಣಿನ ಶಿಬಿರದಲ್ಲಿ ಪೊರೆ ತೆಗೆದಿದ್ದರಂತೆ. ಹೊಸ ಕನ್ನಡಕ ಬಂದಿತ್ತು. ನನ್ನ ಮುಂದೆ ಒಂದು ಹಿಡಿ ಹುಣಸೆ ಸುರಿದರು. ಸುಮ್ಮನೆ ಕೂರುವವರನ್ನು ಕಂಡರೆ ಅವರಿಗೆ ಮೊದಲಿಂದಲೂ ಆಗುತ್ತಿರಲಿಲ್ಲ. ಇಬ್ಬರೂ ನಾರು ಬಿಡಿಸುತ್ತ ಕೂತೆವು. ನಾನು ಎಲ್ಲವನ್ನೂ ಹೇಳಿದೆ. ಕೋಣೆಯ ಆಸೆ, ಅವರ ಮಾತನ್ನು ಕದ್ದದ್ದು, ಯಜಮಾನರಿಗೆ ಹೇಳಿದ ಸುಳ್ಳು, ಲೆಕ್ಚರರು ಓದಿದ ಕಥೆ.

ಅವರು ಬೀಜಗಳನ್ನು ಒಂದು ಕಡೆ ಸರಿಸಿದರು.

‘ನಂಗೊತ್ತಿತ್ತು ಕಣೋ.’

‘ಗೊತ್ತಿದ್ರೆ ಯಾಕೆ ಜೋಡಿಸಿದ್ರಿ ಅಯ್ನೋರೇ? ಆಗಲ್ಲ ಅನ್ಬೋದಿತ್ತಲ್ಲ.’

‘ಅಂದಿದ್ರೆ ಏನಂತಿದ್ರಿ? ಮುದುಕಂಗೆ ಕಣ್ಣು ಕಾಣಾಕಿಲ್ಲ, ಅದಕ್ಕೆ ನೆಪ ಹೇಳ್ತಾನೆ ಅಂತಿದ್ರಿ. ಒಂದು ತಪ್ಪಿಲ್ದಂಗೆ ಮಾಡಿ ತೋರುಸ್ಬೇಕು ಅನ್ನಿಸ್ತು. ತೋರುಸ್ದೆ. ಯಾರೂ ನೋಡ್ಲಿಲ್ಲ.’

ನಾನು ಕಾಲಿಗೆ ಬೀಳಲು ಹೋದೆ. ಕೈಯೆಲ್ಲ ಹುಣಸೆ, ಕೂತ್ಕೊ ಎಂದರು. ಆಮೇಲೆ ಅಕ್ಕನ ಮಗಳಿಗೆ ಕೇಳಿಸದಂತೆ ದನಿ ತಗ್ಗಿಸಿ ಹೇಳಿದರು:

‘ಈಗ ಸಣ್ಣಕ್ಷರನೂ ಕಾಣ್ತದೆ. ಇಲ್ಲಿ ನನ್ನ ಕೈಗೆ ಕೆಲ್ಸ ಇಲ್ಲ, ಕೂತು ಉಣ್ತಿದ್ದೀನಿ. ಯಜಮಾನ್ರಿಗೆ ನೀನು ನಿಜ ಹೇಳು. ಅವ್ರು ಕರೆದ್ರೆ ಬತ್ತೀನಿ. ಕೋಣೆ ನಿಂಗೇ ಇರ್ಲಿ, ನಾನು ಅಂಗಡೀಲಿ ಮಲಗ್ತೀನಿ. ಕರೀದೆ ನಾನಾಗೇ ಬಂದ್ರೆ ಅದು ಭಿಕ್ಷೆ ಆಗ್ಬಿಡ್ತದೆ.’

ಹೇಳುತ್ತೇನೆ ಎಂದೆ. ಮಾತು ಕೊಟ್ಟೆ. ಬಸ್ಸಿನಲ್ಲಿ ಕಡೂರಿನವರೆಗೆ ಹೇಗೆ ಹೇಳಬೇಕೆಂದು ವಾಕ್ಯಗಳನ್ನು ಜೋಡಿಸಿಕೊಂಡೆ. ಬೀರೂರು ದಾಟುವ ಹೊತ್ತಿಗೆ, ನಿಜ ತಿಳಿದರೆ ಯಜಮಾನರು ನನ್ನನ್ನು ಇಟ್ಟುಕೊಳ್ಳುತ್ತಾರೆಯೇ ಎಂಬ ಯೋಚನೆ ಬಂತು. ತರೀಕೆರೆಯಲ್ಲಿ ಇಳಿಯುವಾಗ, ನಾಳೆ ಹೇಳಿದರಾಯಿತು ಎಂಬಲ್ಲಿಗೆ ಬಂದು ನಿಂತಿದ್ದೆ. ಹೆಂಡತಿ ಆಗ ಬಸುರಿ. ನಾಳೆಯೂ ಹೇಳಲಿಲ್ಲ.

ಮುಂದಿನ ಲಗ್ನದ ದಿನಗಳಲ್ಲಿ ನಾನು ಒಂದು ಅನಾಹುತ ಮಾಡಿದೆ. ಬಿಚ್ಚದೆ ಇಟ್ಟ ಒಕ್ಕಣೆಯಲ್ಲಿ ವರನ ಹೆಸರು ಬದಲಿಸಿ ವಧುವಿನ ಹೆಸರು ಬದಲಿಸುವುದನ್ನು ಮರೆತೆ. ಒಬ್ಬರ ಮಗನಿಗೆ, ಆಗಲೇ ಮದುವೆಯಾಗಿ ಗಂಡನ ಮನೆ ಸೇರಿದ್ದ ಇನ್ನೊಬ್ಬರ ಮಗಳನ್ನು ಕೊಟ್ಟು ಅಚ್ಚು ಹಾಕಿದ್ದೆವು. ಪತ್ರಿಕೆ ನಾಲ್ಕು ಊರಿಗೆ ಹಂಚಿಯಾಗಿತ್ತು. ಎರಡು ಮನೆಯವರೂ ಅಂಗಡಿಗೆ ಬಂದರು. ಆ ಗಲಾಟೆ ಮುಗಿದ ಮೇಲೆ ಯಜಮಾನರು ತಲೆಗೆ ಕೈಹೊತ್ತು ಕೂತು ನನ್ನನ್ನು ಕರೆದರು.

‘ಅಯ್ನೋರನ್ನ ಕರ್ಕೊಂಡ್ ಬಾರೋ. ಅವರೇನೂ ಜೋಡಿಸ್ಬ್ಯಾಡ. ಸುಮ್ನೆ ಕೂತು ಒಂದ್ಸಲ ನೋಡಿದ್ರೆ ಸಾಕು.’

ಕೇಳಬೇಕಾಗಿದ್ದ ಮಾತನ್ನು ಅವರೇ ಆಡಿಬಿಟ್ಟರು. ನಾನು ನಿಜ ಹೇಳುವ ಅಗತ್ಯವೂ ಇರಲಿಲ್ಲ. ಒಂದು ಕಾರ್ಡು ಬರೆದಿದ್ದರೆ ಸಾಕಿತ್ತು. ಆದರೆ ಅಯ್ನೋರು ಬಂದು ಎದುರು ಕೂತರೆ, ಒಂದಲ್ಲ ಒಂದು ದಿನ ಯಜಮಾನರು ಏಕೆ ಹೋದಿರಿ ಎಂದು ಕೇಳುತ್ತಾರೆ. ನಾನು ನಿಜ ಹೇಳಿದ್ದೇನೆಂದು ನಂಬಿ ಬಂದ ಅಯ್ನೋರು ಮತ್ತೆ ನೆಪ ಹೇಳುವವರಲ್ಲ.

‘ಅವ್ರಿಗೆ ಎರಡು ಕಣ್ಣೂ ಪೂರ್ತಿ ಹೋಗಿದಾವಂತೆ ಯಜಮಾನ್ರೇ’ ಎಂದೆ. ‘ಯಾರೋ ಪಂಚನಹಳ್ಳಿಯೋರು ಹೇಳಿದ್ರು. ಮನೇರ ಗುರುತೂ ಸಿಗಾಕಿಲ್ವಂತೆ.’

ಯಜಮಾನರು ಪಾಪ ಎಂದರು. ಒಳಗೆ ಹೋಗಿ ತಾಯಿಗೆ ತಿಳಿಸಿದರು. ಆ ಮಾತು ಮತ್ತೆ ಬರಲಿಲ್ಲ.

ಅದಾಗಿ ಒಂದು ವರ್ಷವೋ ಏನೋ, ಪಂಚನಹಳ್ಳಿಯ ದಾರಿಯಲ್ಲಿ ಓಡಾಡುವ ಒಬ್ಬ ಕಂಡಕ್ಟರ್ ಅಂಗಡಿಗೆ ಬಂದ. ವಾರಪತ್ರಿಕೆ ಕೊಳ್ಳುತ್ತ, ಅಲ್ಲಿ ಒಬ್ಬರು ಅಯ್ನೋರು ದಿನಾ ಬಸ್ಸಿನ ಹತ್ತಿರ ಬರುತ್ತಾರೆ, ತರೀಕೆರೆಯಿಂದ ಯಾರಾದರೂ ಏನಾದರೂ ಹೇಳಿ ಕಳಿಸಿದ್ದಾರೆಯೇ ಎಂದು ಕೇಳುತ್ತಾರೆ, ಏನು ಹೇಳಲಿ ಎಂದು ನನ್ನನ್ನು ಕೇಳಿದ. ಯಜಮಾನರು ಒಳಗಡೆ ಅಚ್ಚಿನ ಯಂತ್ರ ತುಳಿಯುತ್ತಿದ್ದರು. ಅವರಿಗೆ ಕೇಳಿಸಿರಲಾರದು.

‘ಯಾರೂ ಏನೂ ಹೇಳಿಲ್ಲ ಅನ್ನು’ ಎಂದೆ.

ಅವನು ಚಿಲ್ಲರೆ ತೆಗೆದುಕೊಂಡು ಹೋದ. ಆ ಮಾತನ್ನು ಅವನು ಎಷ್ಟು ದಿನ ಹೇಳಬೇಕಾಯಿತು ಎಂದು ನಾನು ವಿಚಾರಿಸಲಿಲ್ಲ.